ಶೆಲ್ ಮೇಲೆ ಅಳಿಸಿಹೋದ ಅಕ್ಷರ: ಒಂದು ಹಳೆಯ ಗೇರ್ ಹಬ್‌ಗೆ ಬಿಡಿಭಾಗ ಹೊಂದಿಸಿದ ಪ್ರಕರಣ

ಕೈಗೆ ಬಂದದ್ದು ಎರಡು ವಸ್ತು. ಒಂದು ಹಿಂದಿನ ಚಕ್ರ, ಅದರ ನಡುವೆ ಹಳೆಯ ಸ್ಟರ್ಮಿ-ಆರ್ಚರ್ ಗೇರ್ ಹಬ್, ಅಂದರೆ ಗೇರ್‌ಗಳನ್ನೆಲ್ಲ ಹೊಟ್ಟೆಯೊಳಗೇ ಇಟ್ಟುಕೊಂಡ ಹಬ್. ಇನ್ನೊಂದು ಪುಟ್ಟ ಪೊಟ್ಟಣ, ಅದರೊಳಗೆ ಆ ಹಬ್‌ಗೆಂದೇ ತರಿಸಿದ ಬಿಡಿಭಾಗಗಳು. ಸ್ಪ್ರಾಕೆಟ್, ಅಂದರೆ ಚೈನು ಕೂರುವ ಹಲ್ಲಿನ ಚಕ್ರ, ಹೊಸದು. ಗೇರ್ ಬದಲಿಸಲು ಎಳೆಯುವ ಇಂಡಿಕೇಟರ್ ಕಡ್ಡಿಯೂ ಹೊಸದು. ಎರಡೂ ಹಬ್‌ಗೆ ಕೂರುತ್ತಿರಲಿಲ್ಲ.

ಚಕ್ರದ ಮಾಲೀಕರ ದೂರು ಇಷ್ಟೇ: ಗೇರ್ ಬದಲಾಗುವುದಿಲ್ಲ, ಯಾವಾಗಲೂ ಭಾರದ ಗೇರ್‌ನಲ್ಲೇ ಇರುತ್ತದೆ. ಏರಿನಲ್ಲಿ ಎದ್ದು ನಿಂತು ತುಳಿದರೆ ಪೆಡಲ್ ಟಕ್ಕಂತ ಜಾರುತ್ತದೆ. "ಹಬ್ ಮೇಲೆ ಏನು ಬರೆದಿದೆಯೋ ಅದನ್ನು ನೋಡಿಯೇ ತರಿಸಿದ್ದು, ಯಾಕೆ ಕೂರ್ತಿಲ್ಲ ಗೊತ್ತಾಗ್ತಿಲ್ಲ" ಅಂದರು. ಗಂಟು ಇದ್ದದ್ದು ಆ ಮಾತಿನಲ್ಲೇ. ಹಬ್‌ನ ಹೊರಕವಚದ, ಅಂದರೆ ಶೆಲ್‌ನ ಮೇಲಿನ ಬರಹ ಶೆಲ್ ಬಗ್ಗೆ ಮಾತ್ರ ಹೇಳುತ್ತದೆ. ಒಳಗೆ ಏನಿದೆ ಅಂತ ಒಳಗಿನದ್ದನ್ನೇ ಕೇಳಬೇಕು. ಹಳೆಯ ಹಬ್‌ಗಳಿಗೆ ಭಾಗ ಹುಡುಕುವವರು ದುಡ್ಡು ಕಳೆದುಕೊಳ್ಳುವುದು ಜಾಸ್ತಿ ಇಲ್ಲೇ.

ಬರಹ ಓದುವುದು

ಸ್ಟರ್ಮಿ-ಆರ್ಚರ್ ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನಲ್ಲಿ ಹುಟ್ಟಿದ ಕಂಪನಿ. ಶುರುವಾದದ್ದು 1902ರಲ್ಲಿ. ಇವರ ಹಳೆಯ ಹಬ್‌ಗಳಲ್ಲಿ ಒಂದು ಒಳ್ಳೆಯ ಪದ್ಧತಿ ಇದೆ. ಶೆಲ್ ಮೇಲೆ ಮಾದರಿಯ ಅಕ್ಷರ ಇರುತ್ತದೆ, ಪಕ್ಕದಲ್ಲಿ ತಯಾರಾದ ವರ್ಷದ ಕೊನೆಯ ಎರಡು ಅಂಕಿ ಇರುತ್ತವೆ. ಎಷ್ಟೋ ಹಬ್‌ಗಳಲ್ಲಿ ತಿಂಗಳಿನ ಸಂಖ್ಯೆಯೂ ಸಿಗುತ್ತದೆ. ಎಡಬ್ಲ್ಯೂ (AW), 64, 3 ಅಂತ ಇದ್ದರೆ 1964ರ ಮಾರ್ಚ್. ಇಷ್ಟು ಸುಲಭವಾಗಿ ಹುಟ್ಟಿದ ತಿಂಗಳು ಹೇಳುವ ಸೈಕಲ್ ಭಾಗ ಬೇರೆ ಇಲ್ಲ ಅಂತಲೇ ಹೇಳಬಹುದು.

ನಮ್ಮ ಹಬ್‌ನಲ್ಲಿ ಕಂಪನಿ ಹೆಸರು ಚೆನ್ನಾಗಿ ಕಾಣುತ್ತಿತ್ತು. ಅದರ ಕೆಳಗೆ ಬರೀ 'ಡಬ್ಲ್ಯೂ', ಆಮೇಲೆ '5', ಆಮೇಲೆ ಮಸುಕು. ಡಬ್ಲ್ಯೂಗೆ ಮುಂಚಿನ ಅಕ್ಷರ ಪೂರ್ತಿ ಹೋಗಿತ್ತು. ತುಕ್ಕು ಒಂದಿಷ್ಟು ತಿಂದಿತ್ತು. ಉಳಿದದ್ದನ್ನು ಹಿಂದೆ ಯಾರೋ ಮರಳು ಕಾಗದ ಹಾಕಿ ತಿಕ್ಕಿ ತೆಗೆದಿದ್ದರು. ಹಬ್ ಫಳಫಳ ಹೊಳೆಯಲಿ ಅನ್ನುವ ಆಸೆ ಎಲ್ಲರಿಗೂ ಇರುತ್ತದೆ, ಅಲ್ವಾ? ಆದರೆ ಆ ಅಕ್ಷರಗಳ ಆಳ ಉಗುರಿಗೂ ಸರಿಯಾಗಿ ಸಿಗದಷ್ಟು ಕಡಿಮೆ. ಮರಳು ಕಾಗದ ಹಾಕಿದರೆ ಗುರುತಿನ ಚೀಟಿ ಹರಿದಂತೆಯೇ.

ಹೀಗಾಗಿ ಮೊದಲು ಸೀಮೆಎಣ್ಣೆಯಲ್ಲಿ ನೆನೆಸಿದ ಬಟ್ಟೆಯಿಂದ ಜಿಡ್ಡು ತೆಗೆದೆವು. ಬಟ್ಟೆ ಬಿಟ್ಟು ಬೇರೇನೂ ಬಳಸಲಿಲ್ಲ. ಒಣಗಿದ ಮೇಲೆ ಸೀಮೆಸುಣ್ಣದ ಪುಡಿ ಸವರಿ, ಬೆರಳಿನಿಂದ ಮೆತ್ತಗೆ ಒರೆಸಿದೆವು. ಮೇಲಿನ ಪುಡಿ ಹೋಗುತ್ತದೆ, ಗೀರಿನೊಳಗಿನದು ಉಳಿಯುತ್ತದೆ. ಆಮೇಲೆ ಕೋಣೆಯ ದೀಪ ಆರಿಸಿ ಟಾರ್ಚನ್ನು ಶೆಲ್‌ಗೆ ಹೆಚ್ಚು ಕಮ್ಮಿ ಅಡ್ಡಡ್ಡ ಹಿಡಿದೆವು. ನೇರ ಬೆಳಕಿನಲ್ಲಿ ಕಾಣದ್ದು ಓರೆ ಬೆಳಕಿನಲ್ಲಿ ನೆರಳಾಗಿ ಎದ್ದು ಬರುತ್ತದೆ. 5ರ ಪಕ್ಕದಲ್ಲಿ 7 ಕಂಡಿತು. ಅಂದರೆ 1957. ಮೊದಲ ಅಕ್ಷರ ಮಾತ್ರ ಏನು ಮಾಡಿದರೂ ಕಾಣಲಿಲ್ಲ.

ಒಂದು ಅಕ್ಷರ ತಾನೇ, ಬಿಡಿ ಅನ್ನುವಂತಿಲ್ಲ. ಎರಡೇ ಅಕ್ಷರದ, ಡಬ್ಲ್ಯೂನಿಂದ ಮುಗಿಯುವ ಮೂರು ಮಾದರಿಗಳು 1957ರಲ್ಲಿ ಒಟ್ಟಿಗೇ ಚಾಲ್ತಿಯಲ್ಲಿದ್ದವು. ಎಡಬ್ಲ್ಯೂ, ಎಸ್‌ಡಬ್ಲ್ಯೂ, ಎಫ್‌ಡಬ್ಲ್ಯೂ. ಈ ಮೂರರ ಹಣೆಬರಹ ಬೇರೆ ಬೇರೆ.

ಎಡಬ್ಲ್ಯೂ ಅಂದರೆ 1930ರ ದಶಕದ ಕೊನೆಯಿಂದ ದಶಕಗಟ್ಟಲೆ ಬಂದ ಮೂರು ಗೇರ್ ಹಬ್. ಜಗತ್ತಿನಲ್ಲಿ ಲಕ್ಷಗಟ್ಟಲೆ ಓಡಾಡಿದೆ, ಭಾಗಗಳಿಗೆ ಬರವಿಲ್ಲ. ಎಫ್‌ಡಬ್ಲ್ಯೂ ನಾಲ್ಕು ಗೇರ್‌ನದು. ಒಳಗಿನ ಜೋಡಣೆಯೇ ಬೇರೆ. ಎಸ್‌ಡಬ್ಲ್ಯೂ ಕೂಡ ಮೂರು ಗೇರ್‌ನದೇ. 1950ರ ದಶಕದ ನಡುವಿನಲ್ಲಿ ಎಡಬ್ಲ್ಯೂ ಜಾಗಕ್ಕೆ ತಂದು, ಕೆಲವೇ ವರ್ಷದಲ್ಲಿ ಕೈಬಿಟ್ಟ ಮಾದರಿ. ಅದರಲ್ಲಿ ಪಾಲ್‌ಗಳಿಗೆ, ಅಂದರೆ ಒಂದು ಕಡೆಗೆ ಜಾರಿ ಇನ್ನೊಂದು ಕಡೆಗೆ ಕಚ್ಚುವ ಪುಟ್ಟ ಕೊಕ್ಕೆಗಳಿಗೆ, ಸ್ಪ್ರಿಂಗ್ ಇಲ್ಲ. ತಾವಾಗಿಯೇ ಹೊರಳಿ ಕಚ್ಚಬೇಕು. ಕೆಲವೊಮ್ಮೆ ಕಚ್ಚುವುದಿಲ್ಲ. ಜಾರುವ ಹಬ್ ಅಂತಲೇ ಅದಕ್ಕೆ ಹೆಸರು ಬಂತು. ಭಾಗ ಸಿಗುವುದು ಕಷ್ಟ.

ಜಾರುವ ದೂರು, 1957ರ ಶೆಲ್. ಎರಡನ್ನೂ ಸೇರಿಸಿದರೆ ಅನುಮಾನ ನೇರವಾಗಿ ಎಸ್‌ಡಬ್ಲ್ಯೂ ಕಡೆಗೇ ಹೋಗುತ್ತದೆ. ಹಾಗಿದ್ದರೆ ಈ ಹಬ್‌ಗೆ ಭಾಗ ಹುಡುಕುವ ಆಸೆಯನ್ನೇ ಬಿಟ್ಟು ಬೇರೆ ದಾರಿ ನೋಡಬೇಕಿತ್ತು. ಅದಕ್ಕೆ ಬಿಚ್ಚುವ ಮೊದಲು ಒಂದು ಲೆಕ್ಕ ಮಾಡಿದೆವು.

ಬಿಚ್ಚದೆಯೇ ಲೆಕ್ಕ ಹಾಕುವುದು

ಸ್ಟರ್ಮಿ-ಆರ್ಚರ್‌ನ ಈ ಹಬ್‌ಗಳಲ್ಲಿ ಕೇಬಲ್ ಸಡಿಲವಾಗಿದ್ದರೆ ಹಬ್ ಅತಿ ವೇಗದ ಗೇರ್‌ನಲ್ಲಿ ನಿಲ್ಲುತ್ತದೆ. ಕೇಬಲ್ ತುಂಡಾದರೂ ಅಷ್ಟೇ, ಕಡ್ಡಿ ಮುರಿದರೂ ಅಷ್ಟೇ. ಮಾಲೀಕರ ಹಬ್ ಯಾವಾಗಲೂ ಭಾರದ ಗೇರ್‌ನಲ್ಲೇ ಇದ್ದದ್ದು ಇದೇ ಕಾರಣಕ್ಕೆ. ಬಲಗಡೆ ಆಕ್ಸಲ್ ಒಳಗೆ ಇಳಿದು ಗೇರ್ ಎಳೆಯಬೇಕಾದ ಇಂಡಿಕೇಟರ್ ಕಡ್ಡಿ ಒಳಗೇ ಮುರಿದಿತ್ತು. ಸವಾರಿಗೆ ತೊಂದರೆ ಕೊಟ್ಟ ಇದೇ ಕೆಡುಕು ಪರೀಕ್ಷೆಗೆ ಅನುಕೂಲವಾಯಿತು. ಹಬ್ ಟಾಪ್ ಗೇರ್‌ನಲ್ಲಿ ನಿಂತಿದೆ ಅನ್ನುವುದು ಖಚಿತ. ಈಗ ಸ್ಪ್ರಾಕೆಟ್ ಎಷ್ಟು ಸುತ್ತು ತಿರುಗಿದರೆ ಚಕ್ರ ಎಷ್ಟು ಸುತ್ತುತ್ತದೆ ಅಂತ ಎಣಿಸಿದರೆ ಸಾಕು.

ಎಡಬ್ಲ್ಯೂನಲ್ಲಿ ಟಾಪ್ ಗೇರ್ ಅಂದರೆ ಸ್ಪ್ರಾಕೆಟ್ಟಿನ 3 ಸುತ್ತಿಗೆ ಚಕ್ರದ 4 ಸುತ್ತು. ಇದು ಅಂದಾಜಲ್ಲ, ಹಲ್ಲಿನ ಲೆಕ್ಕ. ಆಕ್ಸಲ್ ಮೇಲೆ ಅಲುಗಾಡದೆ ಕೂತ ಕೇಂದ್ರದ ಗೇರ್‌ಗೆ 20 ಹಲ್ಲು. ಅದರ ಸುತ್ತ ಓಡಾಡುವ ನಾಲ್ಕು ಪುಟ್ಟ ಗೇರ್‌ಗಳಿಗೆ ತಲಾ 20. ಹೊರಗಿನ ರಿಂಗ್‌ಗೆ ಒಳಮುಖವಾಗಿ 60. ಪುಟ್ಟ ಗೇರ್‌ಗಳನ್ನು ಹೊತ್ತ ಪಂಜರವನ್ನು ಒಂದು ಸುತ್ತು ತಿರುಗಿಸಿದರೆ ರಿಂಗ್ ಒಂದು ಸುತ್ತು, ಮೇಲೆ ಅರವತ್ತರಲ್ಲಿ ಇಪ್ಪತ್ತು, ಅಂದರೆ ಇನ್ನೂ ಮೂರನೇ ಒಂದು ಸುತ್ತು ತಿರುಗುತ್ತದೆ. ವೇಗ ಶೇ. 33.3 ಜಾಸ್ತಿ. ಇದನ್ನೇ ತಿರುವಿ, ರಿಂಗ್‌ನಿಂದ ತುಳಿದು ಪಂಜರದಿಂದ ಹೊರಗೆ ತೆಗೆದರೆ ಲೋ ಗೇರ್, ವೇಗ ಶೇ. 25 ಕಡಿಮೆ.

ಎಸ್‌ಡಬ್ಲ್ಯೂನಲ್ಲಿ ಟಾಪ್ ಗೇರ್ ಶೇ. 38.4 ಜಾಸ್ತಿ. ಎಫ್‌ಡಬ್ಲ್ಯೂನಲ್ಲಿ ಶೇ. 26.6 ಮಾತ್ರ. ಒಂದೆರಡು ಸುತ್ತಿನಲ್ಲಿ ಈ ವ್ಯತ್ಯಾಸ ಕಣ್ಣಿಗೆ ಬೀಳುವುದಿಲ್ಲ. ಸ್ಪ್ರಾಕೆಟ್ಟನ್ನು 18 ಸುತ್ತು ತಿರುಗಿಸಿ ನೋಡಿ. ಎಡಬ್ಲ್ಯೂ ಆದರೆ ಚಕ್ರ ಸರಿಯಾಗಿ 24 ಸುತ್ತು. ಎಸ್‌ಡಬ್ಲ್ಯೂ ಆದರೆ ಹತ್ತಿರ ಹತ್ತಿರ 25. ಎಫ್‌ಡಬ್ಲ್ಯೂ ಆದರೆ 23ಕ್ಕೆ ಸ್ವಲ್ಪ ಕಡಿಮೆ. ಪೂರ್ತಿ ಒಂದು ಸುತ್ತಿನಷ್ಟು ಅಂತರ. ಇದನ್ನು ಗುರುತಿಸಲು ಯಾವ ಉಪಕರಣವೂ ಬೇಡ.

ಮಾಡುವ ಬಗೆಯಲ್ಲಿ ಒಂದು ಸೂಕ್ಷ್ಮ ಇದೆ. ಚಕ್ರವನ್ನು ಆಕ್ಸಲ್ ಹಿಡಿದು ವೈಸ್‌ನಲ್ಲಿ ನಿಲ್ಲಿಸಬೇಕು, ಥ್ರೆಡ್ ಹಾಳಾಗದಂತೆ ಮರದ ಚೂರು ಇಟ್ಟು. ಸ್ಪ್ರಾಕೆಟ್ಟಿನ ಒಂದು ಹಲ್ಲಿಗೆ ಬಣ್ಣ ಹಚ್ಚಬೇಕು. ಚಕ್ರದ ಕಡೆ ಗಾಳಿ ಹಾಕುವ ವಾಲ್ವೇ ಗುರುತು. ಮುಂದಕ್ಕೆ ತಿರುಗಿಸುವಾಗ ಇನ್ನೊಬ್ಬರು ಟೈರಿಗೆ ಬೆರಳು ತಾಗಿಸಿಕೊಂಡೇ ಇರಬೇಕು. ಇಲ್ಲದಿದ್ದರೆ ಚಕ್ರ ತನ್ನ ಪಾಡಿಗೆ ಮುಂದೆ ಓಡಿಬಿಡುತ್ತದೆ, ಫ್ರೀವೀಲ್ ಅಲ್ವಾ, ಲೆಕ್ಕ ತಪ್ಪುತ್ತದೆ. ನಿಧಾನವಾಗಿ, ಬೆರಳಿನ ತಡೆಯಲ್ಲೇ, 18 ಸುತ್ತು.

ವಾಲ್ವ್ ಬಂದು ನಿಂತದ್ದು ಹೊರಟ ಜಾಗದಲ್ಲೇ. 24 ಸುತ್ತು. ಮತ್ತೊಮ್ಮೆ ಮಾಡಿದರೂ ಅಷ್ಟೇ. ಶೆಲ್ ಮೇಲಿನ ಅಕ್ಷರ ಯಾವುದೇ ಇರಲಿ, ಒಳಗೆ ಕೂತಿರುವುದು ಎಡಬ್ಲ್ಯೂ ಲೆಕ್ಕದ ಗೇರ್‌ಗಳು. ಎಸ್‌ಡಬ್ಲ್ಯೂ ಭಯ ಅಲ್ಲಿಗೆ ಹೋಯಿತು.

ಕಿವಿಗೂ ಒಂದು ಸಾಕ್ಷಿ ಸಿಕ್ಕಿತು. ಎಡಬ್ಲ್ಯೂ ಟಾಪ್‌ನಲ್ಲಿ, ನಡುವಿನ ಗೇರ್‌ನಲ್ಲಿ ತುಳಿಯುವಾಗ ಟಿಕ್ ಟಿಕ್ ಅನ್ನುತ್ತದೆ. ಲೋ ಗೇರ್‌ನಲ್ಲಿ ತುಳಿಯುವಾಗ ಸದ್ದಿಲ್ಲ. ಮೇಲಿನ ಎರಡು ಗೇರ್‌ನಲ್ಲಿ ಶೆಲ್ ಪಂಜರಕ್ಕಿಂತ ವೇಗವಾಗಿ ಓಡುತ್ತದೆ. ಪಂಜರದ ಮೇಲಿನ ಪಾಲ್‌ಗಳು ಹಲ್ಲಿನ ಮೇಲೆ ತಟ್ಟುತ್ತಾ ಹೋಗುತ್ತವೆ, ಅದರದ್ದೇ ಸದ್ದು. ನಮ್ಮದರಲ್ಲಿ ಆ ಟಿಕ್ ಟಿಕ್ ಸ್ಪಷ್ಟವಾಗಿತ್ತು.

ಇದೇ ಎಣಿಕೆ ಬೇರೆ ಕಂಪನಿಯ ಹಬ್‌ಗಳಿಗೂ ಉಪಯೋಗಕ್ಕೆ ಬರುತ್ತದೆ, ಆದರೆ ಅದೊಂದನ್ನೇ ನಂಬಬಾರದು. ಎಡಬ್ಲ್ಯೂ ಅಚ್ಚಿನಲ್ಲೇ ಆಸ್ಟ್ರಿಯಾದ ಸ್ಟೈರ್ ಕಂಪನಿಯೂ ಹಬ್ ಮಾಡಿತ್ತು. ಅಲ್ಲಿಯೂ 24 ಬರುತ್ತದೆ, ಬಹಳಷ್ಟು ಭಾಗಗಳು ಹೊಂದುತ್ತವೆ ಕೂಡ. ಜರ್ಮನಿಯ ಫಿಖ್ಟೆಲ್ ಉಂಡ್ ಜಾಕ್ಸ್ ಅಥವಾ ಜಪಾನಿನ ಶಿಮಾನೊ ಮೂರು ಗೇರ್ ಹಬ್‌ಗಳದ್ದು ಬೇರೆಯೇ ಕುಲ. ಒಂದರ ಪಾಲ್ ಇನ್ನೊಂದಕ್ಕೆ ಬರುವುದಿಲ್ಲ, ಒಂದರ ಕಡ್ಡಿ ಇನ್ನೊಂದಕ್ಕೆ ಇಳಿಯುವುದಿಲ್ಲ.

ಹೊರಗಿನ ಅಳತೆಗಳು

ಈಗ ಪೊಟ್ಟಣದ ಭಾಗಗಳು ಯಾಕೆ ಕೂರಲಿಲ್ಲ ಅಂತ ನೋಡೋಣ.

ಮೊದಲು ಸ್ಪ್ರಾಕೆಟ್. ತರಿಸಿದ್ದು ಒಳಗೆ ಮೂರು ಗಟ್ಟಿ ಕಿವಿ ಇರುವಂಥದ್ದು. ಡ್ರೈವರ್, ಅಂದರೆ ಚೈನಿನ ಬಲ ಒಳಕ್ಕೆ ಹೋಗುವ ಬಲಬದಿಯ ಭಾಗ, ಅದರ ಮೇಲೆ ಮೂರು ಕಚ್ಚು ಇರುತ್ತವೆ. ಸ್ಪ್ರಾಕೆಟ್ ಅಲ್ಲಿ ಇಳಿದು ಕೂರುತ್ತದೆ, ಮೇಲೆ ಒಂದು ಸರ್‌ಕ್ಲಿಪ್, ಅಂದರೆ ಬಾಯಿ ಬಿಟ್ಟ ತಂತಿ ಬಳೆ, ಹಾಕಿದರೆ ಆಯಿತು. 1950ರ ದಶಕದ ಆರಂಭದಿಂದ ಸ್ಟರ್ಮಿ-ಆರ್ಚರ್ ಈ ಪದ್ಧತಿಗೆ ಬಂದಿತು. ಆಮೇಲೆ ಶಿಮಾನೊ, ಜಾಕ್ಸ್ ಹಬ್‌ಗಳಲ್ಲೂ ಇದೇ ಮೂರು ಕಿವಿಯ ಸ್ಪ್ರಾಕೆಟ್ ಬಂತು. ಆದ್ದರಿಂದ ಸ್ಪ್ರಾಕೆಟ್ ನೋಡಿ ಹಬ್ ಯಾವ ಕಂಪನಿಯದು ಅಂತ ಹೇಳಲು ಹೋಗಬೇಡಿ.

1957ರ ಹಬ್‌ಗೆ ಮೂರು ಕಿವಿಯದು ತರಿಸಿದ್ದು ಲೆಕ್ಕದ ಪ್ರಕಾರ ಸರಿಯೇ. ಆದರೆ ಈ ಚಕ್ರದಲ್ಲಿದ್ದ ಡ್ರೈವರ್‌ಗೆ ಕಚ್ಚೇ ಇರಲಿಲ್ಲ. ಜಿಡ್ಡು ಒರೆಸಿ ನೋಡಿದರೆ ಸುತ್ತಲೂ ಥ್ರೆಡ್. ಸ್ಪ್ರಾಕೆಟ್ಟನ್ನು ತಿರುಗಿಸಿ ಕೂರಿಸುವ ಹಳೆಯ ಕಾಲದ ಡ್ರೈವರ್ ಅದು, 1.37 ಇಂಚು ವ್ಯಾಸ, ಇಂಚಿಗೆ 24 ಥ್ರೆಡ್. ಒಳಗಿನ ಇಡೀ ಜೋಡಣೆ ಹಳೆಯ ಹಬ್ ಒಂದರಿಂದ ಇಲ್ಲಿಗೆ ಬಂದಿರಬಹುದು. ಅಥವಾ ಡ್ರೈವರ್ ಮಾತ್ರ ಬಂದಿರಬಹುದು. ಯಾರು, ಯಾವಾಗ ಮಾಡಿದರು ಅನ್ನುವ ಇತಿಹಾಸ ನಮಗೆ ಬೇಕಿಲ್ಲ. ಭಾಗ ತರಿಸುವವರಿಗೆ ಬೇಕಾದದ್ದು ಒಂದೇ: ಹೊಸ ಭಾಗ ಯಾವ ಮುಖದ ಮೇಲೆ ಕೂರಬೇಕೋ ಆ ಮುಖ ಹೇಗಿದೆ?

ಇಂಡಿಕೇಟರ್ ಕಡ್ಡಿಯದ್ದೂ ಇಂಥದ್ದೇ ಕಥೆ. ಒಂದು ತುದಿಯಲ್ಲಿ ಥ್ರೆಡ್ ಇರುವ ಕಡ್ಡಿ, ಇನ್ನೊಂದು ತುದಿಯಲ್ಲಿ ಪುಟ್ಟ ಚೈನು. ಟೊಳ್ಳಾದ ಆಕ್ಸಲ್ ಒಳಗೆ ಇಳಿದು, ಅಲ್ಲಿ ಅಡ್ಡಲಾಗಿ ಕೂತ ಕೀಲಿಗೆ ತಿರುಪಿಕೊಳ್ಳುತ್ತದೆ. ಆಕ್ಸಲ್ ಉದ್ದ ಬೇರೆಯಾದರೆ ಕಡ್ಡಿಯ ಉದ್ದವೂ ಬೇರೆಯಾಗಬೇಕು. ಎಡಬ್ಲ್ಯೂ ಆಕ್ಸಲ್ ಸಾಮಾನ್ಯವಾಗಿ ಎರಡು ಉದ್ದದಲ್ಲಿ ಸಿಗುತ್ತದೆ, 5¾ ಇಂಚು ಮತ್ತು 6¼ ಇಂಚು. ಮಿಲಿಮೀಟರ್‌ನಲ್ಲಿ 146, 159. ಪೊಟ್ಟಣದಲ್ಲಿದ್ದದ್ದು ಉದ್ದದ ಆಕ್ಸಲ್‌ನ ಕಡ್ಡಿ. ಚಕ್ರದ ಆಕ್ಸಲ್ ಅಳೆದರೆ 146. ಇನ್ನು ಅದು ಸರಿಯಾದ ಉದ್ದದ್ದೇ ಆಗಿದ್ದರೂ ತಿರುಪಿಕೊಳ್ಳುತ್ತಿರಲಿಲ್ಲ, ಮುರಿದ ಹಳೆಯ ಕಡ್ಡಿಯ ತುದಿ ಕೀಲಿಯೊಳಗೆ ಕಚ್ಚಿಕೊಂಡು ಕೂತಿತ್ತು.

ಆಕ್ಸಲ್‌ನ ಎಡತುದಿಯನ್ನೂ ನೋಡಿದೆವು. ಅಲ್ಲಿ ತೂತಿಲ್ಲ. ಎಫ್‌ಡಬ್ಲ್ಯೂ ಆಗಿದ್ದರೆ ಆ ಕಡೆಯೂ ಟೊಳ್ಳಿರಬೇಕಿತ್ತು, ಅದರ ಕಡ್ಡಿ ಎರಡು ತುಂಡಿನದು. ಆಕ್ಸಲ್ ಥ್ರೆಡ್‌ನ ವಿಷಯವೂ ಹೇಳಿಬಿಡುತ್ತೇನೆ. ಇದು 13/32 ಇಂಚು, ಇಂಚಿಗೆ 26 ಥ್ರೆಡ್. ಕಣ್ಣಿಗೆ 10 ಮಿಲಿಮೀಟರ್ ಆಕ್ಸಲ್ ಹಾಗೇ ಕಾಣುತ್ತದೆ. ಬೇರೆ ಯಾವುದೋ ಹಬ್‌ನ ನಟ್ಟು ಒಂದೆರಡು ಸುತ್ತು ಹತ್ತಿಬಿಡುತ್ತದೆ ಕೂಡ. ಅಲ್ಲಿಂದ ಮುಂದೆ ಪಾನಾ ಹಾಕಿ ಒತ್ತಿದರೆ ಥ್ರೆಡ್ ಕೆಟ್ಟುಹೋಗುತ್ತದೆ.

ಸ್ಪೋಕ್ ಎಣಿಸಿದರೆ 40. ಆಗಿನ ಬ್ರಿಟಿಷ್ ಸೈಕಲ್‌ಗಳಲ್ಲಿ ಮುಂದೆ 32, ಹಿಂದೆ 40 ಸ್ಪೋಕ್ ಇರುತ್ತಿದ್ದವು. ಈ ಸಂಖ್ಯೆಯ ಕಾರಣದಿಂದಲೇ ಬೇರೆ ಹಬ್ ತಂದು ಹಾಕುವ ಮಾತು ಬಿದ್ದುಹೋಯಿತು. ಈಗ ಸುಲಭವಾಗಿ ಸಿಗುವುದು 36 ತೂತಿನ ಹಬ್. ಹಬ್ ಬದಲಾಯಿಸಿದರೆ ರಿಮ್ಮೂ ಬದಲಾಗಬೇಕು, ಸ್ಪೋಕೂ ಬದಲಾಗಬೇಕು. ರಿಮ್ ಚೆನ್ನಾಗಿತ್ತು, ಚಕ್ರ ನೇರವಾಗಿತ್ತು. ಶೆಲ್ ಉಳಿಸಿಕೊಂಡು ಹೊಟ್ಟೆ ಮಾತ್ರ ಸರಿಮಾಡುವುದು ಅಂತ ತೀರ್ಮಾನವಾಯಿತು.

ಒಳಗೆ ಕಂಡದ್ದು

ಇಂಡಿಕೇಟರ್ ಕಡ್ಡಿ ಇದ್ದರೆ ಅದನ್ನು ಮೊದಲು ತೆಗೆದೇ ಮುಂದಿನ ಕೆಲಸ. ಇಲ್ಲಿ ಮುರಿದಿತ್ತು, ಆ ಚಿಂತೆ ಇರಲಿಲ್ಲ. ಎಡಗಡೆ ಲಾಕ್‌ನಟ್, ಕೋನ್ (ಬಾಲ್‌ಗಳು ಓಡುವ ಶಂಕುವಿನ ಆಕಾರದ ನಟ್ಟು) ಬಿಚ್ಚಿದೆವು. ಬಲಗಡೆ ಶೆಲ್‌ಗೆ ತಿರುಪಿರುವ ಅಗಲದ ಬಾಲ್ ರಿಂಗ್ ಇದೆ, ಅದರ ಅಂಚಿನಲ್ಲಿ ಕಚ್ಚುಗಳು. ಕಚ್ಚಿಗೆ ಪಂಚ್ ಇಟ್ಟು ಸುತ್ತಿಗೆಯಿಂದ ಎಡಕ್ಕೆ ಹೊಡೆದರೆ ಬಿಡುತ್ತದೆ. ವರ್ಷಗಟ್ಟಲೆ ತುಳಿದ ಬಲ ಅದನ್ನು ಬಿಗಿ ಮಾಡಿರುತ್ತದೆ, ಒಂದೇ ಏಟಿಗೆ ಬರುವುದಿಲ್ಲ.

ಹೊಡೆಯುವ ಮೊದಲು ರಿಂಗ್ ಮೇಲೊಂದು, ಶೆಲ್ ಮೇಲೊಂದು, ಎದುರುಬದುರು ಗುರುತು ಹಾಕಿಕೊಂಡೆವು. ಈ ರಿಂಗ್‌ನ ಥ್ರೆಡ್‌ಗೆ ಎರಡು ಬಾಯಿ ಇವೆ. ಯಾವ ಬಾಯಿಯಿಂದ ಹತ್ತಿಸಿದರೂ ಹತ್ತುತ್ತದೆ. ಆದರೆ ಚಕ್ರದ ಬೆಂಡು ತೆಗೆದಾಗ ರಿಂಗ್ ಒಂದು ಬಾಯಿಯಲ್ಲಿ ಕೂತಿತ್ತು. ವಾಪಸ್ ಹಾಕುವಾಗ ಇನ್ನೊಂದರಲ್ಲಿ ಕೂತರೆ ನೇರವಿದ್ದ ಚಕ್ರ ಸ್ವಲ್ಪ ಅತ್ತಿತ್ತ ಆಗಬಹುದು. ಬಹಳ ಜನರಿಗೆ ಇದು ಗೊತ್ತಿಲ್ಲ. ಸುಮ್ನೆ ಸ್ಪೋಕ್ ಬಿಗಿ ಮಾಡುತ್ತಾ ಕೂರುತ್ತಾರೆ.

ಹೊಟ್ಟೆ ಹೊರಬಂದಾಗ ಮೊದಲ ಕೆಲಸ ಹಲ್ಲು ಎಣಿಸಿದ್ದು. 20, 20, 60. ಎಣಿಕೆ ಪರೀಕ್ಷೆ ಹೇಳಿದ್ದೇ ಸರಿ. ಪಾಲ್‌ಗಳಿಗೆ ಕೂದಲೆಳೆಯಂಥ ಸ್ಪ್ರಿಂಗ್ ಇದ್ದವು, 60 ಹಲ್ಲಿನ ಗೇರ್ ರಿಂಗ್ ಮೇಲೆ ಎರಡು ಪಾಲ್, ಪಂಜರದ ಮೇಲೆ ಎರಡು.

ಜಾರುತ್ತಿದ್ದದ್ದು ಪಾಲ್‌ಗಳಿಂದಲ್ಲ. ಒಳಗೆ ಕೂಡಿಸುವ ಗುರುತಿನ (+) ಆಕಾರದ ಕ್ಲಚ್ ಒಂದಿದೆ, ನಾಲ್ಕು ತೋಳಿನದು. ಕೇಬಲ್ ಎಳೆದಂತೆ ಅದು ಆಕ್ಸಲ್ ಮೇಲೆ ಬಲಕ್ಕೆ ಸರಿಯುತ್ತದೆ, ಬಿಟ್ಟಾಗ ಸ್ಪ್ರಿಂಗ್ ಅದನ್ನು ಎಡಕ್ಕೆ ತಳ್ಳುತ್ತದೆ. ಟಾಪ್ ಗೇರ್‌ನಲ್ಲಿ ಈ ತೋಳುಗಳು ಪುಟ್ಟ ಗೇರ್‌ಗಳ ಪಿನ್ನುಗಳ ತುದಿಯನ್ನು ಒತ್ತಿ ಪಂಜರವನ್ನು ತಿರುಗಿಸಬೇಕು. ನಡುವಿನ ಗೇರ್‌ನಲ್ಲಿ ಅದೇ ತೋಳುಗಳು ರಿಂಗ್‌ನ ಒಳಗಿನ ಕಚ್ಚುಗಳನ್ನು ಒತ್ತುತ್ತವೆ. ಲೋ ಗೇರ್‌ಗೆ ಪೂರ್ತಿ ಬಲಕ್ಕೆ ಬಂದಾಗ ರಿಂಗ್‌ನ ಪಾಲ್‌ಗಳ ಬಾಲವನ್ನು ಒತ್ತಿ ಅವು ಕಚ್ಚದಂತೆ ಮಾಡುತ್ತವೆ.

ಈ ಕ್ಲಚ್ಚಿನ ತೋಳುಗಳ ಮೂಲೆಗಳು ಚೂಪಾಗಿರಬೇಕು. ನಮ್ಮದರಲ್ಲಿ ಬೆರಳಾಡಿಸಿದರೆ ಮೂಲೆಯೇ ಸಿಗಲಿಲ್ಲ, ನುಣ್ಣಗೆ ಜಾರಿಕೊಂಡು ಹೋಗುತ್ತಿತ್ತು. ಪಿನ್ನುಗಳ ತುದಿಯಲ್ಲಿಯೂ ಒಂದು ಪಕ್ಕ ಓರೆಯಾಗಿ ಸವೆದು ಹೊಳೆಯುತ್ತಿತ್ತು. ಇಳಿಜಾರಿನ ಎರಡು ಮುಖ ಒಂದನ್ನೊಂದು ಒತ್ತಿದರೆ ಕ್ಲಚ್ ಹಿಂದಕ್ಕೆ ಜಾರಲೇಬೇಕು. ಕಡ್ಡಿ ಮುರಿದ ಮೇಲೆ ಎಲ್ಲ ಏರನ್ನೂ ಟಾಪ್ ಗೇರ್‌ನಲ್ಲೇ ಹತ್ತಿಸಿದ್ದರಿಂದ ಸವೆತ ಇನ್ನೂ ಬೇಗ ಆಗಿರಬೇಕು. ಅಂದರೆ ದೂರು ಎರಡಾದರೂ ಬೇರು ಒಂದೇ ಇತ್ತು.

ಕಡ್ಡಿ ಯಾಕೆ ಮುರಿಯಿತು ಅನ್ನುವುದಕ್ಕೂ ಕಾರಣ ಅಲ್ಲೇ ಇತ್ತು. ಕಡ್ಡಿಯನ್ನು ಪೂರ್ತಿ ತಿರುಪಿ, ಆಮೇಲೆ ಅರ್ಧ ಸುತ್ತಿನ ಒಳಗೆ ಹಿಂದಕ್ಕೆ ಬಿಡಬೇಕು. ಆಗ ಪುಟ್ಟ ಚೈನು ಕೇಬಲ್ ಕಡೆಗೆ ನೇರವಾಗಿ ತಿರುಗುತ್ತದೆ. ಬಿಗಿಯಾಗಿ ಬಿಟ್ಟರೆ ಚೈನು ನಟ್ಟಿನ ಅಂಚಿನಲ್ಲಿ ತಿರುಚಿಕೊಂಡೇ ಬಗ್ಗುತ್ತದೆ, ಪ್ರತಿ ಗೇರ್‌ಗೂ ಕಡ್ಡಿಯನ್ನು ತಿರುಚುತ್ತದೆ. ಹಳೆಯ ಚೈನಿನ ಕೊಂಡಿಗಳು ಒಂದೇ ಪಕ್ಕಕ್ಕೆ ಉಜ್ಜಿ ತೆಳ್ಳಗಾಗಿದ್ದವು. ಕೀಲಿ ಹೊರಗೆ ಬಂದ ಮೇಲೆ ಮುರಿದ ತುದಿಯನ್ನು ಇಕ್ಕಳದಿಂದ ತಿರುಗಿಸಿ ತೆಗೆಯುವುದು ಕಷ್ಟವಾಗಲಿಲ್ಲ.

ಯಾವ ಭಾಗ, ಎಲ್ಲಿಂದ

ಇಲ್ಲಿ ಎರಡು ದಾರಿ. ಸವೆದ ಕ್ಲಚ್, ನಾಲ್ಕು ಪಿನ್ನು, ಕ್ಲಚ್ ಸ್ಪ್ರಿಂಗ್, ಕಡ್ಡಿ, ಇಷ್ಟನ್ನು ಬಿಡಿಬಿಡಿಯಾಗಿ ಹುಡುಕುವುದು ಒಂದು. ಇನ್ನೊಂದು, ಹಳೆಯ ಎಡಬ್ಲ್ಯೂ ಹಬ್ ಒಂದನ್ನು ತಂದು ಅದರ ಹೊಟ್ಟೆಯನ್ನೇ ಪೂರ್ತಿ ಈ ಶೆಲ್‌ಗೆ ಇಳಿಸುವುದು.

ನಾನು ಎರಡನೆಯದರ ಪಕ್ಷ. ಒಟ್ಟಿಗೆ ಸವೆದ ಭಾಗಗಳ ನಡುವೆ ಹೊಸ ಕ್ಲಚ್ ಒಂದನ್ನೇ ಇಟ್ಟರೆ ಹಳೆಯ ರಿಂಗ್‌ನ ಕಚ್ಚುಗಳು ಅದನ್ನೂ ಬೇಗ ತಿಂದುಹಾಕುತ್ತವೆ. ಜೊತೆಗೆ, ಹಳೆಯ ಬಗೆಯ ಎಡಬ್ಲ್ಯೂ ಬಗ್ಗೆ ಒಂದು ಸಮಾಧಾನದ ಸಂಗತಿ ಇದೆ. 1940ರ ದಶಕದ ಹೊಟ್ಟೆ 1970ರ ಶೆಲ್‌ಗೆ ಇಳಿಯುತ್ತದೆ, 1970ರದು 1957ರ ಶೆಲ್‌ಗೂ ಇಳಿಯುತ್ತದೆ. ಅಷ್ಟು ವರ್ಷ ಒಂದೇ ಅಳತೆಗೆ ಅಂಟಿಕೊಂಡ ಯಂತ್ರಗಳು ಕಡಿಮೆ.

ಎಚ್ಚರ ಬೇಕಾದದ್ದು ಹೊಸ ಕಾಲದ ಮೂರು ಗೇರ್ ಹಬ್‌ಗಳಲ್ಲಿ. ಹಳೆಯ ಎಡಬ್ಲ್ಯೂನಲ್ಲಿ ನಡುವಿನ ಗೇರ್‌ಗೂ ಟಾಪ್ ಗೇರ್‌ಗೂ ನಡುವೆ ಪೆಡಲ್ ಸುಮ್ಮನೆ ತಿರುಗುವ ಒಂದು ಖಾಲಿ ಜಾಗ ಇದೆ. ಮುಂದೆ ಅದನ್ನು ತೆಗೆದುಹಾಕಿ ಹೊಸ ಜೋಡಣೆ ತಂದರು. 2000ದಲ್ಲಿ ತೈವಾನಿನ ಸನ್‌ರೇಸ್ ಕಂಪನಿಯು ಸ್ಟರ್ಮಿ-ಆರ್ಚರನ್ನು ಕೊಂಡುಕೊಂಡಿತು. ಆಮೇಲಿನ ಹಬ್‌ಗಳ ಕ್ಲಚ್, ಆಕ್ಸಲ್‌ಗಳನ್ನು ಹಳೆಯದಕ್ಕೆ ಬಿಡಿಯಾಗಿ ಬೆರೆಸುವಂತಿಲ್ಲ. ಹೆಸರು ಒಂದೇ, ಗೇರ್ ಅನುಪಾತವೂ ಒಂದೇ, 18ಕ್ಕೆ 24 ಅಲ್ಲಿಯೂ ಬರುತ್ತದೆ. ಅದಕ್ಕೇ ಎಣಿಕೆಯ ಮೇಲೆ ಕಣ್ಣಿನ ಪರೀಕ್ಷೆಯೂ ಬೇಕು ಅನ್ನುವುದು.

ದಾನಿ ಹಬ್ ಹುಡುಕುವಾಗ ಮಾರುವವರನ್ನು ಕೇಳಿದ್ದು ಫೋಟೊ ಮಾತ್ರ. ಶೆಲ್ ಮೇಲಿನ ಬರಹದ್ದು, ಬಲಬದಿ ಸ್ಪ್ರಾಕೆಟ್ ಸಮೇತ, ಎಡಬದಿ, ಪಕ್ಕದಲ್ಲಿ ಅಳತೆಪಟ್ಟಿ ಇಟ್ಟ ಆಕ್ಸಲ್. "ಸ್ಟರ್ಮಿ ಮೂರು ಗೇರ್, ಚೆನ್ನಾಗಿದೆ" ಅನ್ನುವ ಮಾತಿಗೆ ಬೆಲೆ ಕಟ್ಟಲಾಗದು. ಹೀಗೆ ಬಂದ ಫೋಟೊಗಳಲ್ಲಿ ಒಂದರ ಎಡಬದಿಗೆ ಬ್ರೇಕಿನ ತೋಳು ಕಂಡಿತು. ಅದು ಹಿಂದಕ್ಕೆ ತುಳಿದು ನಿಲ್ಲಿಸುವ ಟಿಸಿಡಬ್ಲ್ಯೂ. ಇನ್ನೊಂದರ ಎಡಬದಿಗೆ ದೊಡ್ಡ ಡಬ್ಬಿ, ದೀಪಕ್ಕೆ ಕರೆಂಟು ಹುಟ್ಟಿಸುವ ಡೈನೊ ಇರುವ ಎಜಿ. ಅದರ ಗೇರ್‌ಗಳು ಎಡಬ್ಲ್ಯೂನವೇ, ಆದರೆ ಆಕ್ಸಲ್ ಉದ್ದ. ಎರಡನ್ನೂ ಬಿಟ್ಟೆವು.

ಕೊನೆಗೆ ತಂದದ್ದು 1971ರ ಎಡಬ್ಲ್ಯೂ, 36 ತೂತಿನದು. ಶೆಲ್‌ಗೆ ಏಟು ಬಿದ್ದು ಅಂಚು ಸೀಳಿತ್ತು, ಹಾಗಾಗಿ ಯಾರಿಗೂ ಬೇಡವಾಗಿತ್ತು. ನಮಗೆ ಬೇಕಾದದ್ದು ಶೆಲ್ ಅಲ್ಲವಲ್ಲ. ಆಕ್ಸಲ್ 146 ಮಿಲಿಮೀಟರ್, ಡ್ರೈವರ್ ಮೂರು ಕಚ್ಚಿನದು, ಕಡ್ಡಿ ಬಗ್ಗಿರಲಿಲ್ಲ. ಕ್ಲಚ್ಚಿನ ಮೂಲೆಗಳು ಉಗುರಿಗೆ ಸಿಗುವಷ್ಟು ಚೂಪಾಗಿದ್ದವು. ಮಾಲೀಕರ ಪೊಟ್ಟಣದಲ್ಲಿದ್ದ ಮೂರು ಕಿವಿಯ ಸ್ಪ್ರಾಕೆಟ್‌ಗೂ ಇದರಿಂದ ಜಾಗ ಸಿಕ್ಕಿತು.

ಜೋಡಣೆ

ಇಳಿಸುವ ಮೊದಲು ಹಳೆಯ ಶೆಲ್‌ನ ಒಳಗೆ ಪಾಲ್ ಕಚ್ಚುವ ಹಲ್ಲುಗಳನ್ನು ನೋಡಿದೆವು. ಅವು ಸವೆದಿದ್ದರೆ ಈ ಕಸರತ್ತೆಲ್ಲ ದಂಡ. ಎಡಬದಿಯ ಹಲ್ಲು, ಬಲ ಬಾಲ್ ರಿಂಗ್‌ನ ಹಲ್ಲು, ಎರಡೂ ಸರಿ ಇದ್ದವು. ದಾನಿ ಹಬ್‌ನ ಬಾಲ್ ರಿಂಗ್ ಕಳಚಿ, ಈ ಶೆಲ್‌ನ ಹಳೆಯ ರಿಂಗನ್ನೇ ಹೊಸ ಹೊಟ್ಟೆಗೆ ತೊಡಿಸಿದೆವು, ಗುರುತಿಗೆ ಗುರುತು ಸೇರುವಂತೆ. ರಿಂಗ್‌ಗೆ 3/16 ಇಂಚಿನ 24 ಬಾಲ್. ಉಳಿದ ಎರಡು ಕಡೆ ¼ ಇಂಚಿನವು. ಬಾಲ್ ಹಳೆಯದನ್ನು ಉಳಿಸುವುದರಲ್ಲಿ ಅರ್ಥವಿಲ್ಲ, ಹೊಸದು ಹಾಕಿದೆವು.

ಗ್ರೀಸ್ ಬಾಲ್‌ಗಳ ಹತ್ತಿರ ಮಾತ್ರ. ಪಾಲ್‌ಗಳಿಗೆ ಗ್ರೀಸ್ ಹಚ್ಚಿದರೆ ಆ ಕೂದಲೆಳೆ ಸ್ಪ್ರಿಂಗ್‌ಗೆ ಪಾಲನ್ನು ಎತ್ತುವ ಶಕ್ತಿ ಸಾಲದು, ಎಡಬ್ಲ್ಯೂ ಕೂಡ ಎಸ್‌ಡಬ್ಲ್ಯೂ ಹಾಗೆ ಜಾರತೊಡಗುತ್ತದೆ. ಒಳಗೆ ತೆಳು ಎಣ್ಣೆ, ಶೆಲ್‌ನ ಎಣ್ಣೆ ಮುಚ್ಚಳದಿಂದ ಒಂದು ಚಮಚ.

ಬಲಬದಿಯ ಕೋನ್ ವಿಷಯದಲ್ಲಿ ಕೈಯ ಅಂದಾಜು ನಡೆಯುವುದಿಲ್ಲ. ಬೆರಳಿನಿಂದ ಬಿಗಿಯಾಗುವವರೆಗೆ ತಿರುಗಿಸಿ, ಅರ್ಧ ಸುತ್ತು ಹಿಂದಕ್ಕೆ ಬಿಟ್ಟು, ಅಲ್ಲೇ ಲಾಕ್ ಮಾಡಬೇಕು. ಒಳಗಿನ ಗೇರ್‌ಗಳೆಲ್ಲ ಕ್ಲಚ್‌ಗೆ ಎದುರಾಗಿ ಎಲ್ಲಿ ನಿಲ್ಲಬೇಕು ಅನ್ನುವುದನ್ನು ಆ ಅರ್ಧ ಸುತ್ತು ನಿರ್ಧರಿಸುತ್ತದೆ. ಚಕ್ರದ ಆಟ ಸರಿಮಾಡುವುದೆಲ್ಲ ಆಮೇಲೆ ಎಡ ಕೋನ್‌ನಿಂದ. ರಿಮ್ ಹತ್ತಿರ ಕೈಗೆ ಗೊತ್ತಾಗುವಷ್ಟು ಸಣ್ಣ ಆಟ ಉಳಿದರೆ ಸರಿ.

ಚಕ್ರ ಸೈಕಲ್‌ಗೆ ಹೋದ ಮೇಲೆ ಕೇಬಲ್. ಲಿವರನ್ನು ನಡುವಿನ ಗೇರ್‌ನಲ್ಲಿಟ್ಟು, ಬಲ ನಟ್ಟಿನ ಪಕ್ಕದ ಕಿಂಡಿಯಿಂದ ಇಣುಕಿದರೆ ಆಕ್ಸಲ್‌ನ ತುದಿ ಕಾಣುತ್ತದೆ. ಕಡ್ಡಿ ಮುಗಿದು ಚೈನು ಶುರುವಾಗುವ ಜಾಗ ಆ ತುದಿಗೆ ಸರಿಸಮ ನಿಲ್ಲಬೇಕು. ಅಲ್ಲಿಯವರೆಗೆ ಕೇಬಲ್‌ನ ಬ್ಯಾರೆಲ್ ತಿರುಗಿಸುತ್ತಾ ಬಂದರೆ ಆಯಿತು. ಮೂರೂ ಗೇರ್ ಬಿದ್ದವು. ಎದ್ದು ನಿಂತು ತುಳಿದರೂ ಜಾರಲಿಲ್ಲ.

ಉದ್ದದ ಕಡ್ಡಿ ಮಾತ್ರ ಪೊಟ್ಟಣದಲ್ಲೇ ಉಳಿಯಿತು, ಅದರ ಮೇಲೆ '6¼ ಆಕ್ಸಲ್‌ಗೆ' ಅಂತ ಬರೆದಿಟ್ಟರು. ಥ್ರೆಡ್ ಇರುವ ಹಳೆಯ ಡ್ರೈವರನ್ನು ಎಸೆಯಬೇಡಿ ಅಂತ ಹೇಳಿದ್ದೇನೆ. ಅದನ್ನೇ ಹುಡುಕುವವರು ಇದ್ದಾರೆ. ಬಾಕಿ ಇರುವುದು ಎಡ ಕೋನ್ ಒಂದು. ಬಾಲ್ ಓಡುವ ದಾರಿಯಲ್ಲಿ ಸಣ್ಣ ಗುಳಿ ಬಿದ್ದಿವೆ. ಸದ್ಯಕ್ಕೆ ನಡೆಯುತ್ತದೆ. ಮುಂದಿನ ಸಲ ಬಿಚ್ಚುವ ಹೊತ್ತಿಗೆ ತರಿಸಿಡುತ್ತಾರಂತೆ, 13/32 ಇಂಚು, 26 ಥ್ರೆಡ್ ಅಂತ ಬರೆದೇ ಕೊಟ್ಟಿದ್ದೇನೆ.